ಎಂ.ಜಿ. ರಸ್ತೆ ಅಂಗಡಿ ಮತ್ತು 'ಉದ್ಯಮ್' ಸಂದೇಶ: ಒಂದು ಸ್ಪಷ್ಟನೆ

'ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆ, ಐ.ಜಿ. ರಸ್ತೆಯಲ್ಲಿ ಅಂಗಡಿ ತೆರೆಯಲು ನಗರಸಭೆ ಲೈಸೆನ್ಸ್ ಬೇಡ, ಮುದ್ರಾ ಹಣ ವಾಪಸ್ ಕಟ್ಟಬೇಕಿಲ್ಲ' ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಉದ್ಯಮ್ ಎನ್ನುವುದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಅಷ್ಟೇ. ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಅದರೊಳಗೆ ಸೇರಿಸಿದ್ದು ನಿಜ. ಆದರೆ ಆದ್ಯತಾ ವಲಯದ (ಬ್ಯಾಂಕುಗಳು ಆದ್ಯತೆಯ ಮೇಲೆ ಕೊಡಬೇಕಾದ) ಸಾಲದ ಮಟ್ಟಿಗೆ ಮಾತ್ರ. ನಗರಸಭೆಯ ಉದ್ದಿಮೆ ಪರವಾನಗಿ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುವಂಥದ್ದು. ಒಂದು ಇದ್ದರೆ ಇನ್ನೊಂದು ತಾನಾಗಿ ಮಾಫಿಯಾಗುವುದಿಲ್ಲ. ತಿಂಡಿ, ಕಾಫಿ ಮಾರುವವರಿಗೆ ಆಹಾರ ಸುರಕ್ಷತೆಯ ನೋಂದಣಿಯೂ ಬೇಕು.

ಮುದ್ರಾ ಎನ್ನುವುದು ಕೇಂದ್ರದ ಯೋಜನೆಯಡಿ ಸಣ್ಣ ವ್ಯಾಪಾರಿಗಳಿಗೆ ಸಿಗುವ ಸಾಲವೇ; ಅಡಮಾನ ಬೇಡ ಎಂದ ಮಾತ್ರಕ್ಕೆ ದಾನವಲ್ಲ. 20 ಲಕ್ಷದವರೆಗಿನ ಮಿತಿಯೂ ಹಿಂದಿನ 'ತರುಣ್' (ಮುದ್ರಾದಲ್ಲೇ 10 ಲಕ್ಷದವರೆಗಿನ ಹಂತ) ಸಾಲವನ್ನು ಸರಿಯಾಗಿ ತೀರಿಸಿದವರಿಗೆ.

ಇನ್ನೊಂದು ಮಾತು: ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವೇ ಇಲ್ಲ. 'ಮಾಡಿಸಿಕೊಡ್ತೀವಿ, ಎರಡು ಸಾವಿರ ಕೊಡಿ' ಎಂದವರಿಗೆ ಕೊಡುವ ದುಡ್ಡು ಬೋರ್ಡ್ ಬರೆಸಲಿಕ್ಕಾದರೂ ಆಗುತ್ತದೆ. ಪೇಟೆಗೆ ಹೊಸ ಅಂಗಡಿ ಬರಲಿ ಎಂಬ ಆಸೆ ನಮಗೂ ಇದೆ. ಆದರೆ ಬಾಡಿಗೆ ಮುಂಗಡ ಕೊಡುವ ಮೊದಲು ಒಮ್ಮೆ ನಗರಸಭೆಯಲ್ಲಿ ವಿಚಾರಿಸಿ.