ದಾಸವಾಳದ ಟೀ ಕುಡಿಯಿರಿ, ಬಿಪಿ ಮಾತ್ರೆ ಬಿಡಬೇಡಿ

'ದಾಸವಾಳದ ಟೀ ಕುಡಿದರೆ ಬಿಪಿ ಮಾತ್ರೆಯೇ ಬೇಡ' ಅನ್ನುವ ಮೆಸೇಜು ಮತ್ತೆ ಮತ್ತೆ ಫಾರ್ವರ್ಡ್ ಆಗಿ ಬರುತ್ತಿದೆ. ನನಗೆ ಈ ಟೀ ತುಂಬಾ ಇಷ್ಟ. ಅದಕ್ಕೇ ಈ ಮೆಸೇಜು ನೋಡಿದರೆ ಸಿಟ್ಟು ಬರುತ್ತದೆ.

ಪ್ಯಾಕೆಟ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಅಂಗಳದ ದಾಸವಾಳದ ಎಸಳಲ್ಲ. ಅದೇ ಜಾತಿಗೆ ಸೇರಿದ ರೋಸೆಲ್, ಅಂದರೆ ಕೆಂಪು ಪುಂಡಿ ಗಿಡದ್ದು. ಹೂವಿನ ಎಸಳು ಉದುರಿದ ಮೇಲೆ ಕಾಯಿಯ ಸುತ್ತ ದಪ್ಪಗೆ, ಕೆಂಪಗೆ ಉಳಿಯುತ್ತದಲ್ಲ, ಆ ಭಾಗವನ್ನೇ ಒಣಗಿಸುತ್ತಾರೆ. ಬಿಪಿ ಬಗ್ಗೆ ನಡೆದ ಸಂಶೋಧನೆ ಹೆಚ್ಚಾಗಿ ಇದರ ಮೇಲೆಯೇ.

ಗುಣ ಇರುವುದು ನಿಜ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಪಿ ಸ್ವಲ್ಪ ಜಾಸ್ತಿ ಇದ್ದ 65 ಜನರಲ್ಲಿ ಕೆಲವರಿಗೆ ದಿನಕ್ಕೆ 3 ಕಪ್‌ನಂತೆ 6 ವಾರ ಈ ಟೀ ಕೊಟ್ಟರು. ಉಳಿದವರಿಗೆ ಅದೇ ರುಚಿಯ ಬೇರೆ ಪಾನೀಯ. ಟೀ ಕುಡಿದವರಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 7ರಷ್ಟು ಇಳಿಯಿತು, ಉಳಿದವರಲ್ಲಿ 1ರಷ್ಟು. ಆದರೆ ಅವರು ಯಾರೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರಲಿಲ್ಲ! ಮಾತ್ರೆ ಬಿಟ್ಟು ಟೀ ಕುಡಿದು ನೋಡಿದ ಪರೀಕ್ಷೆ ಅದಲ್ಲವೇ ಅಲ್ಲ. 160, 170 ಇರುವವರು 7 ಇಳಿಯುತ್ತದೆ ಎಂದು ಮಾತ್ರೆ ಬಿಟ್ಟರೆ ಪಾರ್ಶ್ವವಾಯುವಿಗೆ ದಾರಿ ಮಾಡಿಕೊಟ್ಟ ಹಾಗೆ.

ಮಾತ್ರೆಯ ಜೊತೆ ದಿನಾ ಕುಡಿಯುತ್ತೇನೆ ಅಂದರೂ ಡಾಕ್ಟರಿಗೆ ಒಂದು ಮಾತು ಹೇಳಿ. ಎರಡೂ ಸೇರಿ ಬಿಪಿ ತೀರಾ ಇಳಿದು ತಲೆ ಸುತ್ತಬಹುದು. ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು. ಮಲೇರಿಯಾದ ಕ್ಲೋರೊಕ್ವಿನ್ ಅನ್ನಂತೂ ಇದು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲ. ಗರ್ಭಿಣಿಯರಿಗೆ ಬೇಡವೇ ಬೇಡ. ಹಾಲುಣಿಸುವವರೂ ಸದ್ಯಕ್ಕೆ ದೂರ ಇಡುವುದೇ ಒಳ್ಳೆಯದು.

ಉಳಿದವರು ಆರಾಮಾಗಿ ಕುಡಿಯಬಹುದು. ಕೆಫೀನ್ ಇಲ್ಲ, ರಾತ್ರಿ ಕುಡಿದರೂ ನಿದ್ದೆ ಕೆಡುವುದಿಲ್ಲ. ಒಣಗಿದ ಚೂರು ಒಂದು ಚಮಚ ಹಾಕಿ ಕುದಿಯುವ ನೀರು ಸುರಿಯಿರಿ. ನೋಡನೋಡುತ್ತಲೇ ತಳದಿಂದ ಕೆಂಪು ಬಣ್ಣ ಎಳೆಎಳೆಯಾಗಿ ಬಿಡುತ್ತದೆ, ನನಗಂತೂ ಅದನ್ನು ನೋಡುವುದೇ ಖುಷಿ. ಐದು ನಿಮಿಷ ಮುಚ್ಚಿಟ್ಟು ಸೋಸಿದರೆ ಆಯಿತು. ಹುಳಿ ಜಾಸ್ತಿ, ಹಾಗಾಗಿ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲು ಅಥವಾ ಗಾಜು ಇರಲಿ. ಹುಳಿ ಅಂತ ಮೂರು ಚಮಚ ಸಕ್ಕರೆ ಸುರಿದುಕೊಂಡರೆ ಕುಡಿದೂ ಸುಮ್ನೆ, ಅಲ್ವಾ? ಈ ಹುಳಿ ಹಲ್ಲಿನ ಎನಾಮಲ್ಲನ್ನೂ ಸವೆಸುತ್ತದೆ. ಕುಡಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಬ್ರಷ್ ಮಾಡುವುದಿದ್ದರೆ ಅರ್ಧ ಗಂಟೆಯಾದರೂ ಬಿಟ್ಟು ಮಾಡಿ.