ಮಂಗಳವಾರದ ಮಲ್ಲಿಗೆ

ಸಂಜೆ 6 ಗಂಟೆ ಆಯಿತೆಂದರೆ ಅಮ್ಮ ಬಟ್ಟೆ ಚೀಲಕ್ಕೆ ಎರಡು ಸೀರೆ ತುಂಬಿಸಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. "ಇಲ್ಲಡೆ ಪೋಯಿ." ಮನೆಗೆ ಹೋಗುವ ಅಂತ. ಉಡುಪಿಯ ಈ ಮನೆಗೆ ಅವರು ಬಂದು 46 ವರ್ಷ ಆಯಿತು. ಅವರು ಕೇಳುವುದು ಶಂಕರಪುರದ ತವರು ಮನೆಯನ್ನು. ಆ ಮನೆ ಈಗ ಇಲ್ಲ.

ಅಮ್ಮನಿಗೆ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿ 4 ವರ್ಷ. ಅದಕ್ಕೂ ಮೊದಲು ಎರಡು ವರ್ಷ, ವಯಸ್ಸಾಯಿತಲ್ಲ, ಅರಳು ಮರಳು ಅಂದುಕೊಂಡು ನಾವೆಲ್ಲ ಸುಮ್ನೆ ಇದ್ದೆವು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. ಮರೆವು ಜಾಸ್ತಿಯಾದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಿಂದ, ಬಿ12 ಕೊರತೆಯಿಂದ ಬರುವ ಮರೆವೂ ಉಂಟು, ಅದಕ್ಕೆ ಮದ್ದಿದೆ. ಅಮ್ಮನ ಡಿಮೆನ್ಶಿಯಾಕ್ಕೆ ಕಾರಣ ಅಲ್‌ಝೈಮರ್ ಅನ್ನುವ ಮಿದುಳಿನ ಕಾಯಿಲೆ. ಅದನ್ನು ಗುಣ ಮಾಡುವ ಮದ್ದು ಇನ್ನೂ ಬಂದಿಲ್ಲ.

ಮೊದಮೊದಲು ನಾನು ಅಮ್ಮನನ್ನು ತಿದ್ದುತ್ತಿದ್ದೆ. "ಅಪ್ಪ ಯಾಕೆ ಇನ್ನೂ ಬರಲಿಲ್ಲ?" ಅಂತ ಕೇಳಿದರೆ, "ಅಪ್ಪ ತೀರಿಹೋಗಿ 9 ವರ್ಷ ಆಯ್ತಲ್ಲ ಅಮ್ಮ" ಅನ್ನುತ್ತಿದ್ದೆ. ಅಮ್ಮ ಆಗಷ್ಟೇ ಸುದ್ದಿ ಕೇಳಿದವರ ಹಾಗೆ ಎದೆ ಬಡಿದುಕೊಂಡು ಅಳುತ್ತಿದ್ದರು. ಅರ್ಧ ಗಂಟೆಗೆ ಮತ್ತೆ ಅದೇ ಪ್ರಶ್ನೆ. ಒಂದು ದಿನ ಮೂರು ಸಲ ಹೀಗಾಯಿತು. ಸುದ್ದಿ ಮರೆತುಹೋಯಿತು, ಸಂಕಟ ಹೋಗಲಿಲ್ಲ. ಯಾಕೆ ಬೇಜಾರು ಅಂತಲೇ ಗೊತ್ತಿಲ್ಲದೆ ರಾತ್ರಿವರೆಗೂ ಮಂಕಾಗಿ ಕೂತಿದ್ದರು. ಅವತ್ತಿಗೆ ತಿದ್ದುವುದನ್ನು ಬಿಟ್ಟೆ. ಈಗ "ಅಪ್ಪನಿಗೆ ಎಂತ ಅಡುಗೆ ಮಾಡುವ?" ಅಂತ ಕೇಳುತ್ತೇನೆ. "ಬಂಗುಡೆ ಪುಳಿಮುಂಚಿ" ಅನ್ನುವಾಗ ಮುಖ ಅರಳುತ್ತದೆ. ಇದು ಸುಳ್ಳಲ್ವಾ ಅಂತ ನೆಂಟರೊಬ್ಬರು ಕೇಳಿದರು. ಆ ಸತ್ಯದಿಂದ ಅಮ್ಮನಿಗೆ ಏನು ಸಿಕ್ಕಿತ್ತು, ನೀವೇ ಹೇಳಿ.

ನೋಡಲು ಬಂದವರು ಅಮ್ಮನನ್ನು ಕಂಡು "ಪಾಪ" ಅನ್ನುತ್ತಾರೆ. ನನಗೆ "ಸೇವೆ ಮಾಡುವ ಪುಣ್ಯ ನಿನಗೆ ಸಿಕ್ಕಿತು" ಅನ್ನುತ್ತಾರೆ. ಮುಂಬೈಯಿಂದ ಫೋನು ಬರುತ್ತದೆ, ಚೆನ್ನಾಗಿ ನೋಡಿಕೋ ಅಂತ. ನಿನ್ನೆ ರಾತ್ರಿ ನಿದ್ದೆ ಬಂತಾ ಅಂತ ಯಾರೂ ಕೇಳುವುದಿಲ್ಲ. ಒಂದು ರಾತ್ರಿ 2 ಗಂಟೆಗೆ ನಾನು ಅಮ್ಮನ ಕೈ ಹಿಡಿದು ಎಳೆದಿದ್ದೇನೆ, ಕಿರುಚಿದ್ದೇನೆ. ಪ್ರೀತಿ ಇಲ್ಲದೆ ಅಲ್ಲ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ನಿದ್ದೆಗೆಟ್ಟು ಕೂತಿರುತ್ತಾರೆ. ಹೆಚ್ಚಾಗಿ ಮಗಳು, ಸೊಸೆ, ಇಲ್ಲವೇ ತಾನೇ ವಯಸ್ಸಾದ ಹೆಂಡತಿ.

ನಮಗೆ ಕರುಣೆ ಅಂದರೆ ಏನು ಅಂತ ತೋರಿಸಿದವರು ಪಕ್ಕದ ಮನೆಯ ಬಾಯಮ್ಮ. ಅವರ ಅಂಗಳದಲ್ಲಿ ನಾಲ್ಕಾರು ಮಲ್ಲಿಗೆ ಗಿಡಗಳಿವೆ. ಪ್ರತಿ ಮಂಗಳವಾರ ಬೆಳಿಗ್ಗೆ ಮೊಗ್ಗು ಕೊಯ್ದುಕೊಂಡು ನಮ್ಮ ಮನೆಗೆ ಬರುತ್ತಾರೆ. "ನೀನು ಹೋಗಿ ಮಲಗು ಮಗಾ, ನಾನಿದ್ದೇನಲ್ಲ" ಅನ್ನುತ್ತಾರೆ. ಉಪದೇಶ ಇಲ್ಲ, ಏನೂ ಇಲ್ಲ. ಎರಡು ಗಂಟೆ.

ಮೊದಲ ಸಲ ನಾನು ಮಲಗಲಿಲ್ಲ, ಬಾಗಿಲ ಸಂದಿಯಿಂದ ನೋಡುತ್ತಾ ನಿಂತೆ. ನನ್ನ ಹೆಸರು ನೆನಪಿಲ್ಲದ ಅಮ್ಮ ಬಾಳೆನಾರು ಕೈಗೆತ್ತಿಕೊಂಡು ಸರಸರ ಮಲ್ಲಿಗೆ ಕಟ್ಟುತ್ತಿದ್ದರು. ಶಂಕರಪುರದಲ್ಲಿ ಹುಡುಗಿಯಾಗಿದ್ದಾಗ ಕಲಿತ ಕೆಲಸ. ಕೈ ಕಲಿತದ್ದು ಮಿದುಳಿನ ಬೇರೆಯೇ ಜಾಗದಲ್ಲಿ ಉಳಿಯುತ್ತದಂತೆ, ಅದು ಅಳಿಸುವುದು ನಿಧಾನವಂತೆ. ಆಮೇಲೆ ಡಾಕ್ಟರು ಹೇಳಿದರು. ಈಗೀಗ ಗಂಟು ಸಡಿಲ. ಬಾಯಮ್ಮ ಏನೂ ಅನ್ನುವುದಿಲ್ಲ, ಉದುರಿದ ಮೊಗ್ಗು ಹೆಕ್ಕಿ ಮತ್ತೆ ಅಮ್ಮನ ಮಡಿಲಿಗೆ ಹಾಕುತ್ತಾರೆ.

ನಾಳೆ ಮಂಗಳವಾರ. ಬಾಳೆನಾರು ಸೀಳಿ ಇಟ್ಟಿದ್ದೇನೆ.