ಎಣ್ಣೆಗಳ ಮನೆಹೆಸರು

ಡಿಸೆಂಬರ್ ಬಂತೆಂದರೆ ಹಾಸನದ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಮುಷ್ಕರ ಹೂಡುತ್ತದೆ. ತಲೆಕೆಳಗೆ ಹಿಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಬಾಯಿ ಸಣ್ಣದು, ಒಳಗೆ ಬೆಳ್ಳಗೆ ಗಟ್ಟಿ. ಚಿಕ್ಕಂದಿನಲ್ಲಿ ಪೊರಕೆ ಕಡ್ಡಿ ತೂರಿಸಿ ಕೆದಕುತ್ತಿದ್ದೆ, ಐವತ್ತು ದಾಟಿದ ಮೇಲೂ ಅದನ್ನೇ ಮಾಡುತ್ತಿದ್ದೇನೆ. ಆಗ ಬಚ್ಚಲ ಒಲೆ ಪಕ್ಕ ಇಟ್ಟರೆ ಕರಗುತ್ತಿತ್ತು. ಈಗ ಒಲೆ ಹೋಗಿ ಗೀಸರ್ ಬಂದಿದೆ, ಹಾಗಾಗಿ ಬಾಟಲಿ ಕಾಂಪೌಂಡ್ ಗೋಡೆ ಮೇಲೆ ಕೂತು ಬಿಸಿಲು ಕಾಯುತ್ತದೆ. ಅದೇ ಗೂಡಿನಲ್ಲಿದ್ದ ಕಡ್ಲೆಕಾಯಿ ಎಣ್ಣೆಗೆ ಮಾತ್ರ ಚಳಿಯ ಪರಿವೆಯೇ ಇಲ್ಲ.

ಈ ಸಲ ಅಕ್ಕನ ಮಗಳು ರಜಕ್ಕೆ ಬಂದಿದ್ದಳು. ಆಹಾರ ವಿಜ್ಞಾನ ಓದುತ್ತಾಳೆ. ಬೆಳಿಗ್ಗೆ ಅಡುಗೆಮನೆ ಹೊಸಿಲ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದಳು: "ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್, ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್..."

ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು. "ಯಾರೇ ಅವರೆಲ್ಲ? ಯಾವ ಊರವರು?"

"ಕೊಬ್ಬಿನ ಆಮ್ಲಗಳು ಕಣಜ್ಜಿ."

"ಓ, ಕೊಬ್ಬಿದವರು."

ಹುಡುಗಿ ನಕ್ಕು ಸುಮ್ಮನಾದಳು. ನನಗೆ ಮಾತ್ರ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ ಅನ್ನಿಸಿತು. ಯಾವ ಊರವರು, ಯಾರ ಮನೆಯವರು ಅಂತ ಕೇಳದೆ ನಮ್ಮ ಕಡೆ ಯಾರಿಗೂ ಕಾಫಿ ಕೊಡುವುದಿಲ್ಲ. ಈ ಆಮ್ಲಗಳೋ, ನೂರಾರು ವರ್ಷದಿಂದ ನಮ್ಮ ಅಡುಗೆಮನೆಯಲ್ಲೇ ಇದ್ದಾವೆ. ಹೆಸರು ಕೇಳಿದವರಿಲ್ಲ.

ಮೊದಲು ಇವು ಇರುವ ರೀತಿ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಜಗಲಿಯ ಗೋಡೆಯಲ್ಲಿ ಮೂರು ಗೂಟ, ಮೂರರಲ್ಲೂ ಒಂದೊಂದು ಕೊಡೆ ನೇತಾಡುತ್ತಿರುತ್ತದಲ್ಲ, ಒಂದು ತೊಟ್ಟು ಎಣ್ಣೆಯೊಳಗೆ ಇರುವುದು ಅಂಥ ಅಸಂಖ್ಯಾತ ಗೂಟಗಳು, ಕೊಡೆಗಳು. ಮೂರು ಗೂಟದ ಪಟ್ಟಿ ಅಂದರೆ ಗ್ಲಿಸರಾಲ್. ಕೊಡೆ ಅಂದರೆ ಕೊಬ್ಬಿನ ಆಮ್ಲ. ಕೊಡೆಯ ಕೋಲು ಕಾರ್ಬನ್ನುಗಳ ಸರಪಳಿ, ಬಗ್ಗಿದ ಹಿಡಿ ಆಮ್ಲದ ತುದಿ. ಗೂಟಕ್ಕೆ ಸಿಕ್ಕಿಕೊಳ್ಳುವುದು ಆ ಹಿಡಿಯೇ. ಕೋಲು ಎಷ್ಟು ಉದ್ದ, ಎಲ್ಲಿ ಸೊಟ್ಟಗಿದೆ, ಎಣ್ಣೆ ಎಣ್ಣೆಗೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ.

ಇನ್ನು ಹೆಸರು. ಅರಸೀಕೆರೆ ಕಡೆ ನಮ್ಮ ಹಳ್ಳಿಯಲ್ಲಿ ಒಬ್ಬರಿದ್ದಾರೆ. ಊರಿಗೆಲ್ಲ ಅವರು ಮೂಲೆಮನೆ ದೊಡ್ಡಪ್ಪ. ರೇಷನ್ ಕಾರ್ಡಿನಲ್ಲಿ ಊರಿನ ಇನಿಶಿಯಲ್, ಅಪ್ಪನ ಇನಿಶಿಯಲ್ ಎಲ್ಲ ಸೇರಿ ಒಂದು ಗಜ ಉದ್ದದ ಹೆಸರು. ಕರೆಂಟ್ ಬಿಲ್ಲಿನವರಿಗೆ ಅವರು ಬರೀ ಒಂದು ಆರ್.ಆರ್. ನಂಬರ್. ಆಸಾಮಿ ಒಬ್ಬರೇ. ಹಾಗೇ ಊರಿನವರ ಬಾಯಲ್ಲಿ ಪಾಮಿಟಿಕ್ ಆಮ್ಲ, ರಸಾಯನಶಾಸ್ತ್ರದ ರೇಷನ್ ಕಾರ್ಡಿನಲ್ಲಿ ಹೆಕ್ಸಾಡೆಕನೋಯಿಕ್ ಆಮ್ಲ, ಆರ್.ಆರ್. ನಂಬರ್ 16:0. ಹದಿನಾರು ಕಾರ್ಬನ್, ಜೋಡಿ ಕೊಂಡಿ (ಅದೇನೆಂದು ಮುಂದೆ ಹೇಳುತ್ತೇನೆ) ಒಂದೂ ಇಲ್ಲ ಅಂತ ಅರ್ಥ. ಹೆಕ್ಸಾಡೆಕ ಅಂದರೂ ಗ್ರೀಕಿನಲ್ಲಿ ಹದಿನಾರೇ. ನಂಬರ್ ತಪ್ಪುವುದಿಲ್ಲ, ಆದರೆ ಅದರಲ್ಲಿ ಕಥೆ ಏನಿದೆ? ಮೂಲೆಮನೆ ಅನ್ನುವುದರಲ್ಲೇ ಇರುವುದು ಮಜಾ.

ಮಜಾ ಏನೆಂದರೆ ಮನೆಹೆಸರುಗಳೆಲ್ಲ ಮೊದಲು ಎಲ್ಲಿ ಕಂಡರೋ ಅಲ್ಲಿಯವು. ಪಾಮಿಟಿಕ್ ಸಿಕ್ಕಿದ್ದು ತಾಳೆ ಎಣ್ಣೆಯಲ್ಲಿ, ಅದಕ್ಕೆ ಪಾಮ್. ಈಗ ನೋಡಿದರೆ ಅದು ಇಲ್ಲದ ಜಾಗವೇ ಇಲ್ಲ. ನಮ್ಮ ತುಪ್ಪದಲ್ಲಿದೆ. ಚಿಕ್ಕಮಗಳೂರಿನ ಕಾಫಿ ಬೀಜದಲ್ಲೂ ಇದೆ. ಬೀಜ ಚೆನ್ನಾಗಿ ಕಪ್ಪಗೆ ಹುರಿದಾಗ ಮೇಲೆ ಮಿರಮಿರ ಎಣ್ಣೆ ಬಿಡುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಲಿನೋಲಿಯಿಕ್ ಮತ್ತು ಪಾಮಿಟಿಕ್. ಸ್ಟಿಯರಿಕ್ ಅಂದರೆ ಗ್ರೀಕಿನಲ್ಲಿ ದನ ಕುರಿಗಳ ಗಟ್ಟಿ ಕೊಬ್ಬು. ಆದರೆ ಘಟ್ಟದ ಮೇಲಿನವರು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ಬೀಜದ ತುಪ್ಪ ಇದೆಯಲ್ಲ, ಪೂರ್ತಿ ಸಸ್ಯಾಹಾರಿ, ಅದರಲ್ಲಿ ಅರ್ಧಕ್ಕೂ ಜಾಸ್ತಿ ಈ ಸ್ಟಿಯರಿಕ್ಕೇ. ಕಡ್ಲೆಕಾಯಿಯ ಲ್ಯಾಟಿನ್ ಹೆಸರು ಅರಾಕಿಸ್, ಅದರಿಂದ ಬಂದದ್ದು ಅರಾಕಿಡಿಕ್ ಆಮ್ಲ. ಕಡ್ಲೆಕಾಯಿ ಎಣ್ಣೆಯಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಇದ್ದರೆ ಹೆಚ್ಚು. ಊರು ಬಿಟ್ಟು ನಲವತ್ತು ವರ್ಷವಾದರೂ ಇನಿಶಿಯಲ್ಲಿನಲ್ಲಿ ಊರು ಉಳಿದವರ ಹಾಗೆ.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಲಾರಿಕ್ ವಿಷಯದಲ್ಲಿ. ಹನ್ನೆರಡು ಕಾರ್ಬನ್ನಿನ ಆಮ್ಲ ಇದು, ಕೊಬ್ಬರಿ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಇದೇ. ಹೆಸರು ಮಾತ್ರ ಯುರೋಪಿನ ಲಾರೆಲ್ ಮರದ್ದು, ಗೆದ್ದವರ ತಲೆಗೆ ಎಲೆಯ ಕಿರೀಟ ಕಟ್ಟುತ್ತಿದ್ದರಲ್ಲ, ಆ ಮರ. ಮೊದಲು ಸಿಕ್ಕಿದ್ದು ಅದರ ಹಣ್ಣಿನ ಎಣ್ಣೆಯಲ್ಲಂತೆ. ಅರಸೀಕೆರೆಯವರು ಯಾರಾದರೂ ಅಲ್ಲಿದ್ದಿದ್ದರೆ ಒಂದು ಮಾತು ಕೇಳಿರುತ್ತಿದ್ದರು. ಮಿರಿಸ್ಟಿಕ್ ಜಾಯಿಕಾಯಿಯದು, 1841ರಲ್ಲಿ ಲಿಯಾನ್ ಪ್ಲೇಫೇರ್ ಅನ್ನುವ ರಸಾಯನಶಾಸ್ತ್ರಜ್ಞ ತೆಗೆದದ್ದು. ಅದಕ್ಕೇನೂ ನನ್ನ ತಕರಾರಿಲ್ಲ. ಹರಳೆಣ್ಣೆಯ ರಿಸಿನೋಲಿಯಿಕ್ ಇನ್ನೊಂದು ತಮಾಷೆ. ಲ್ಯಾಟಿನ್ನಿನಲ್ಲಿ ರಿಸಿನಸ್ ಅಂದರೆ ಉಣ್ಣೆ, ದನದ ಮೈಗೆ ಕಚ್ಚಿಕೊಂಡಿರುತ್ತದಲ್ಲ ಆ ಹುಳ. ಬೀಜ ಹಾಗೇ ಕಾಣುತ್ತದೆ ನಿಜ, ಉಬ್ಬಿದ ಹೊಟ್ಟೆ, ಮೈತುಂಬ ಚುಕ್ಕೆ. ಅದೇ ಬೀಜ ನೋಡಿ ನಾವು ಹರಳು ಅಂದೆವು. ಉಂಗುರಕ್ಕೆ ಕೂರಿಸುವುದಕ್ಕೂ ಅದೇ ಪದ.

ಆದರೆ ಅವರನ್ನು ಆಡಿಕೊಳ್ಳುವ ಮುಂಚೆ ನಮ್ಮದನ್ನೂ ನೋಡಿಕೊಳ್ಳಬೇಕು. ಎಣ್ಣೆ ಅನ್ನುವ ಪದವೇ ಎಳ್ಳು ಮತ್ತು ನೆಯ್ ಸೇರಿ ಆದದ್ದು. ನೆಯ್ ಅಂದರೆ ಜಿಡ್ಡು, ತುಪ್ಪ. ಬೆಳ್ಳಗಿನ ನೆಯ್ ಬೆಣ್ಣೆಯಾಯಿತು, ಎಳ್ಳಿನ ನೆಯ್ ಎಣ್ಣೆಯಾಯಿತು. ಆಮೇಲೆ ಸಿಕ್ಕಿದ್ದಕ್ಕೆಲ್ಲ ಅದೇ ಹೆಸರು ಅಂಟಿಸಿದೆವು. ಕೊಬ್ಬರಿಯ ಎಳ್ಳಿನ ನೆಯ್, ಹೊಂಗೆಯ ಎಳ್ಳಿನ ನೆಯ್. ಸೀಮೆಎಣ್ಣೆಯಂತೂ ಪರದೇಶದ ಎಳ್ಳಿನ ನೆಯ್! ಯುರೋಪಿನವರೂ ಇದನ್ನೇ ಮಾಡಿದ್ದಾರೆ. ಅವರ ಆಯಿಲ್ ಆಲಿವ್ ಹಣ್ಣಿನದು, ಓಲಿಯಿಕ್ ಆಮ್ಲಕ್ಕೂ ಹೆಸರು ಅಲ್ಲಿಂದಲೇ. ನಮ್ಮ ಎಳ್ಳೆಣ್ಣೆಯಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಅದೇ ಓಲಿಯಿಕ್ ಇದೆ.

ಇದೆಲ್ಲದರ ಪುರೋಹಿತ ಅಂದರೆ ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರಲ್. ಹುಟ್ಟಿದ್ದು 1786, ತೀರಿಕೊಂಡದ್ದು 1889. ಲೆಕ್ಕ ಹಾಕಿ, 102 ವರ್ಷ. ಕೊಬ್ಬಿನ ಜೊತೆ ಬದುಕು ಕಳೆದವನಿಗೆ ಇಷ್ಟು ಆಯಸ್ಸು ಅಂತ ನಮ್ಮ ಡಾಕ್ಟರಿಗೆ ಹೇಳಬೇಕು. ಹಂದಿಕೊಬ್ಬಿನ ಸೋಪಿನಿಂದ ಶುರು ಮಾಡಿ, ಕೊಬ್ಬು ಅಂದರೆ ಒಂದೇ ಪದಾರ್ಥವಲ್ಲ, ಒಳಗೆ ಗ್ಲಿಸರಾಲ್ ಇದೆ, ಬೇರೆ ಬೇರೆ ಆಮ್ಲಗಳಿವೆ ಅಂತ ತೋರಿಸಿ 1823ರಲ್ಲಿ ಪುಸ್ತಕ ಬರೆದ. ಬೆಣ್ಣೆಯಿಂದ ಬಂದದ್ದಕ್ಕೆ ಬ್ಯುಟಿರಿಕ್ ಅಂದರು. ಬರೀ ನಾಲ್ಕು ಕಾರ್ಬನ್. ಬೆಣ್ಣೆ ಹಳಸಿದಾಗ ಮೂಗು ಮುಚ್ಚಿಕೊಳ್ಳುವಂತೆ ಮಾಡುವುದು ಇದೇ. ಮುಂದಿನ ಮೂರಕ್ಕೆ, ಅಂದರೆ ಆರು, ಎಂಟು, ಹತ್ತು ಕಾರ್ಬನ್ನಿನವಕ್ಕೆ, ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್. ಮೂರೂ ಆಡಿನ ಹೆಸರು. ಒಂದೇ ಮನೆಯಲ್ಲಿ ಅಣ್ಣಪ್ಪ, ತಮ್ಮಣ್ಣಪ್ಪ, ಚಿಕ್ಕಣ್ಣಪ್ಪ ಅಂತ ಇಟ್ಟ ಹಾಗೆ, ಪರೀಕ್ಷೆ ಬರೆಯುವವರ ಗೋಳು ಯಾರಿಗೂ ಬೇಡ. ಕೊನೆಗೆ ರಸಾಯನಶಾಸ್ತ್ರದವರೇ ಬೇಸತ್ತು ಹೆಕ್ಸನೋಯಿಕ್, ಆಕ್ಟನೋಯಿಕ್, ಡೆಕನೋಯಿಕ್ ಅಂತ ಲೆಕ್ಕದ ಹೆಸರನ್ನು ಮುಂದೆ ಮಾಡಿದ್ದು ವಾಸಿ.

ಶೆವ್ರಲ್ ಒಂದು ಕಡೆ ಎಡವಿದ್ದೂ ಇದೆ. ಒಂದು ಆಮ್ಲ ಮುತ್ತಿನ ಹಾಗೆ ಫಳಫಳ ಅಂದಿದ್ದು ನೋಡಿ ಮಾರ್ಗರಿಕ್ ಅಂತ ಕರೆದ. ಮಾರ್ಗರಿಟೀಸ್ ಅಂದರೆ ಗ್ರೀಕಿನಲ್ಲಿ ಮುತ್ತು. ನಮ್ಮಲ್ಲಾಗಿದ್ದರೆ ಮುತ್ತಮ್ಮ. ಆಮೇಲಿನವರು ಪರೀಕ್ಷಿಸಿ ನೋಡಿದರೆ ಮುತ್ತಮ್ಮ ಅಂತ ಯಾರೂ ಇರಲೇ ಇಲ್ಲ, ಪಾಮಿಟಿಕ್ಕು ಸ್ಟಿಯರಿಕ್ಕು ಒಟ್ಟಿಗೆ ನಿಂತಿದ್ದವು ಅಷ್ಟೇ. ಅಷ್ಟರಲ್ಲಿ ಹೆಸರು ಊರು ಸುತ್ತಿಯಾಗಿತ್ತು. 1869ರಲ್ಲಿ ಫ್ರಾನ್ಸಿನಲ್ಲಿ ಮಾಡಿದ ಅಗ್ಗದ ಬೆಣ್ಣೆಗೆ ಮಾರ್ಗರಿನ್ ಅನ್ನುವ ಹೆಸರು ಬಂದದ್ದು ಈ ಇಲ್ಲದ ಮುತ್ತಮ್ಮನಿಂದಲೇ. ಹದಿನೇಳು ಕಾರ್ಬನ್ನಿನ ಆಮ್ಲಕ್ಕೆ ಆಮೇಲೆ ಆ ಹೆಸರನ್ನು ಕೊಟ್ಟರು. ಅದು ಸಿಗುವುದೇ ಅಪರೂಪ, ಹಾಲಿನ ಕೊಬ್ಬಿನಲ್ಲಿ ಒಂಚೂರು. ಯಾಕೆಂದರೆ ಗಿಡವಾಗಲಿ ಪ್ರಾಣಿಯಾಗಲಿ ಸರಪಳಿ ಕಟ್ಟುವುದು ಎರಡೆರಡು ಕಾರ್ಬನ್ ಸೇರಿಸಿ. ಹಾಗಾಗಿ ಹನ್ನೆರಡು, ಹದಿನಾಲ್ಕು, ಹದಿನಾರು, ಹದಿನೆಂಟು ಅಂತ ಸರಿಸಂಖ್ಯೆಯವೇ ಎಲ್ಲೆಲ್ಲೂ.

ಪರ್ಯಾಪ್ತ, ಅಪರ್ಯಾಪ್ತ ಅನ್ನುವ ಪದಗಳನ್ನು ನಮ್ಮ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅರ್ಥ ಗೊತ್ತಾಗಿದ್ದು ಮಾತ್ರ ಬೆಂಗಳೂರು ಬಸ್ಸಿನಲ್ಲಿ. ಸೀಟೆಲ್ಲ ಭರ್ತಿಯಾದರೆ ಪರ್ಯಾಪ್ತ. ಪ್ರತಿ ಕಾರ್ಬನ್ನಿನ ಪಕ್ಕದ ಸೀಟಿನಲ್ಲೂ ಹೈಡ್ರೋಜನ್ ಕೂತಿದೆ, ಕಂಡಕ್ಟರ್ ಸಾಕು ಅನ್ನುತ್ತಾನೆ. ಅಕ್ಕಪಕ್ಕದ ಎರಡು ಕಾರ್ಬನ್ ಒಂದೊಂದು ಸೀಟು ಖಾಲಿ ಬಿಟ್ಟು ಪರಸ್ಪರ ಎರಡೂ ಕೈ ಹಿಡಿದುಕೊಂಡರೆ ಜೋಡಿ ಕೊಂಡಿ, ಅದು ಅಪರ್ಯಾಪ್ತ. ಕೊಂಡಿ ಇರುವ ಜಾಗದಲ್ಲಿ ಸರಪಳಿ ಸೊಟ್ಟಗಾಗುತ್ತದೆ. ಸೌದೆ ಒಟ್ಟಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಸಿಲ್ವರ್ ಓಕಿನ ನೆಟ್ಟಗಿನ ತುಂಡುಗಳು ಒಂದರ ಮೇಲೊಂದು ಬಿಗಿಯಾಗಿ ಕೂರುತ್ತವೆ. ಕಾಫಿ ಗಿಡ ಸವರಿದಾಗ ಬೀಳುವ ಸೊಟ್ಟ ರೆಂಬೆಗಳನ್ನು ಎಷ್ಟು ಅದುಮಿದರೂ ನಡುವೆ ಸಂದು. ನೆಟ್ಟಗಿನವು ಗಟ್ಟಿಯಾಗುತ್ತವೆ, ಸೊಟ್ಟಗಿನವು ಹರಿಯುತ್ತವೆ. ಹದಿನೆಂಟು ಕಾರ್ಬನ್ನಿನ ಅಣ್ಣತಮ್ಮಂದಿರನ್ನೇ ನೋಡಿ: ಕೊಂಡಿ ಇಲ್ಲದ ಸ್ಟಿಯರಿಕ್ ಕರಗಲು 69 ಡಿಗ್ರಿ ಬೇಕು, ಒಂದು ಕೊಂಡಿಯ ಓಲಿಯಿಕ್ಕಿಗೆ 13 ಸಾಕು, ಎರಡು ಕೊಂಡಿಯ ಲಿನೋಲಿಯಿಕ್ ಸೊನ್ನೆಗಿಂತ ಐದು ಡಿಗ್ರಿ ಕೆಳಗೂ ದ್ರವ. ಗೋಡೆ ಮೇಲಿನ ಬಾಟಲಿಯ ಮುಷ್ಕರಕ್ಕೆ ಕಾರಣ ಇಷ್ಟೇ, ಸೀಟು ಭರ್ತಿ.

ಖಾಲಿ ಸೀಟಿಗೆ ಬಲವಂತವಾಗಿ ಹೈಡ್ರೋಜನ್ ಕೂರಿಸುವ ವಿದ್ಯೆಗೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ವನಸ್ಪತಿ ಬಂದದ್ದು ಆ ದಾರಿಯಲ್ಲಿ. ಅರ್ಧಂಬರ್ಧ ಕೂರಿಸಿದರೆ ಉಳಿದ ಕೆಲವು ಕೊಂಡಿಗಳು ತಿರುಚಿಕೊಂಡು ಸೊಟ್ಟ ಬಿಟ್ಟು ನೆಟ್ಟಗಾಗುತ್ತವೆ, ಅವೇ ಟ್ರಾನ್ಸ್. ನೋಡಲು ಸಿಲ್ವರ್ ಓಕ್, ಜಾತಿ ಕಾಫಿ ಗಿಡದ್ದು. ಹೃದಯಕ್ಕೆ ಒಳ್ಳೆಯದಲ್ಲ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಇದು ನೂರಕ್ಕೆ ಎರಡು ಪಾಲು ದಾಟಬಾರದು ಅಂತ ಕಟ್ಟು ಮಾಡಿದ್ದಾರೆ. ಅಯ್ಯಂಗಾರ್ ಬೇಕರಿಗಳ ತವರು ಜಿಲ್ಲೆಯವನಾದ ನಾನು ಖಾರಾ ಬನ್ನಿನ ಎದುರು ನಿಂತು ಇದನ್ನೆಲ್ಲ ನೆನೆಯುವುದಿಲ್ಲ, ಬಿಡಿ.

ಒಮೆಗಾ ವಿಷಯಕ್ಕೆ ಬರುತ್ತೇನೆ. ಪೇಟೆಯ ಒಂದು ಅಂಗಡಿಯಲ್ಲಿ ಒಮೆಗಾ ಅಂತ ದೊಡ್ಡದಾಗಿ ಬರೆದ ಬಾಟಲಿಗೆ ಎರಡರಷ್ಟು ದುಡ್ಡು ಕೊಟ್ಟು ಬಂದಿದ್ದೆ. ಅದು ವಿಟಮಿನ್ನಿನ ಹೆಸರು ಅಂದುಕೊಂಡಿದ್ದೆ. "ಅದು ಬರೀ ಅಡ್ರೆಸ್ಸು ಮಾವ" ಅಂದಳು ಹುಡುಗಿ. ಆಮ್ಲದ ಹಿಡಿಯ ಪಕ್ಕದ ಕಾರ್ಬನ್ನು ಆಲ್ಫಾ, ಇನ್ನೊಂದು ತುದಿಯ ಕಟ್ಟಕಡೆಯದು ಒಮೆಗಾ, ಗ್ರೀಕ್ ಅಕ್ಷರಮಾಲೆಯ ಕೊನೆಯ ಅಕ್ಷರ. ಬಾಲದಿಂದ ಎಣಿಸಿದಾಗ ಮೂರನೆಯ ಕಾರ್ಬನ್ನಿನಲ್ಲಿ ಮೊದಲ ಕೊಂಡಿ ಸಿಕ್ಕರೆ ಒಮೆಗಾ-3, ಆರನೆಯದರಲ್ಲಿ ಸಿಕ್ಕರೆ ಒಮೆಗಾ-6. "ತಲೆ ಇರುವಾಗ ಬಾಲದಿಂದ ಯಾಕೆ ಎಣಿಸಬೇಕು?" ಅಂದೆ.

ಅದಕ್ಕೆ ಉತ್ತರ ನಮ್ಮ ಹಳ್ಳಿಯ ಬೀದಿಯಲ್ಲೇ ಇತ್ತು. ಬೀದಿಯ ಒಂದು ತುದಿ ಹೈವೇಗೆ ಸೇರುತ್ತದೆ, ಇನ್ನೊಂದು ತುದಿಯಲ್ಲಿ ಹಳೇ ಬಾವಿ. ಹೊಸ ಮನೆ ಏಳುವುದೆಲ್ಲ ಹೈವೇ ಕಡೆಗೆ. ಹೈವೇಯಿಂದ ಒಂಬತ್ತನೇ ಮನೆ ಅಂತ ಹೇಳಿದರೆ ಮುಂದಿನ ವರ್ಷಕ್ಕೆ ಅದು ಹನ್ನೊಂದನೆಯದಾಗಿರುತ್ತದೆ. ಬಾವಿಯಿಂದ ಮೂರನೇ ಮನೆ ಮಾತ್ರ ಅಜ್ಜನ ಕಾಲದಿಂದ ಮೂರನೆಯದೇ. ನಮ್ಮ ಮೈಯೂ ಕೊಬ್ಬಿನ ಆಮ್ಲಕ್ಕೆ ಹೊಸ ಕಾರ್ಬನ್ ಸೇರಿಸುವುದು ಆಮ್ಲದ ತುದಿಯಲ್ಲಿ, ಹೊಸ ಕೊಂಡಿ ಹಾಕುವುದೂ ಆ ಕಡೆಗೇ. ಅಗಸೆ ಎಣ್ಣೆಯ ಹದಿನೆಂಟು ಕಾರ್ಬನ್ನಿನ ಲಿನೋಲೆನಿಕ್ಕನ್ನು ಇಪ್ಪತ್ತು, ಇಪ್ಪತ್ತೆರಡು ಕಾರ್ಬನ್ನಿನದಾಗಿ ಬೆಳೆಸಿದರೂ ಬಾಲದಿಂದ ಮೂರನೆಯದು ಮೂರನೆಯದಾಗಿಯೇ ಇರುತ್ತದೆ. ಆ ಬಾವಿಯ ಹತ್ತಿರದ ಕೊಂಡಿಗಳನ್ನು ನಾವೇ ಹಾಕಿಕೊಳ್ಳುವುದಕ್ಕೆ ಬರುವುದಿಲ್ಲ, ಊಟದಲ್ಲೇ ಬರಬೇಕು. 1929ರಲ್ಲಿ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಜಿಡ್ಡೇ ಇಲ್ಲದ ಊಟ ಹಾಕಿ ನೋಡಿದರು. ಇಲಿಗಳ ಬೆಳವಣಿಗೆ ನಿಂತು, ಬಾಲ ಹೊಪ್ಪಳಿಕೆ ಎದ್ದಿತ್ತು.

ಇಷ್ಟೆಲ್ಲ ಹೇಳಿ ಹುಡುಗಿ ಸುಮ್ಮನಿರಲಿಲ್ಲ. ಅಡುಗೆಮನೆ ಬಾಟಲಿಗಳಿಗೆಲ್ಲ ಚೀಟಿ ಅಂಟಿಸಿದಳು. ಕೊಬ್ಬರಿಯದಕ್ಕೆ 12:0, ಕಡ್ಲೆಕಾಯಿಗೆ 18:1, ಹಳ್ಳಿಯಿಂದ ತಂದ ಹುಚ್ಚೆಳ್ಳೆಣ್ಣೆಗೆ 18:2. ಯಾವುದು ಜಾಸ್ತಿಯೋ ಅದರ ನಂಬರು. ಅಮ್ಮ ಒಂದೊಂದನ್ನೂ ಎತ್ತಿ ನೋಡಿ, "ದೇವರ ದೀಪಕ್ಕೆ ಯಾವ ನಂಬರೇ?" ಅಂತ ಕೇಳಿ ನಗಿಸಿದಳು.

ರಜ ಮುಗಿಸಿ ಅವಳು ಹೊರಟ ಮೂರನೇ ದಿನಕ್ಕೇ ಇರಬೇಕು, ಸ್ನಾನಕ್ಕೆ ಮುಂಚೆ ತಲೆಗೆ ಹಚ್ಚಲು 12:0 ಎತ್ತಿಕೊಂಡೆ. ಹಲ್ಲು ಕಡಕಡ ಅನ್ನುವ ಚಳಿ, ಆದರೂ ಬಾಟಲಿಯೊಳಗೆ ಎಣ್ಣೆ ಜುಳುಜುಳು ಅಂತಿದೆ. ಪೊರಕೆ ಕಡ್ಡಿ ಕೈಯಲ್ಲೇ ಹಿಡಿದು ನಿಂತೆ. ಅಂಗೈಗೆ ಸುರಿದುಕೊಂಡರೆ ಹುಚ್ಚೆಳ್ಳಿನ ವಾಸನೆ.

"ಕೊಬ್ಬರಿದು ಖಾಲಿ ಆಗಿತ್ತು ಕಣೋ" ಅಂದಳು ಅಮ್ಮ ಒಳಗಿನಿಂದ. "ತೊಳೆದು ಇದನ್ನು ತುಂಬಿದೆ. ಚೀಟಿ ಕಿತ್ತರೆ ಗೋಂದು ಹೋಗಲ್ಲ, ಧೂಳು ಕೂರುತ್ತೆ. ಇರಲಿ ಬಿಡು."